ತಪ್ಪು ನಮ್ಮದು ಅನ್ನೋ ಪುಟ

ಜುಲೈ 3, ಬುಧವಾರ

ಪೋರೂರು ಸಿಗ್ನಲ್‌ನಲ್ಲಿ ಇಪ್ಪತ್ತು ನಿಮಿಷ. ಶೇರ್ ಆಟೋದಲ್ಲಿ ಕಾಲು ಜೋಮು ಹಿಡೀತು. ಆಫೀಸಿಗೆ ಹೋಗುವಾಗ ಹತ್ತೂಕಾಲು. ಕೋಮಲಾ ನನ್ನ ಕುರ್ಚಿ ಮೇಲೆ ಬ್ಯಾಗಿಟ್ಟು ಜಾಗ ಹಿಡಿದಿದ್ದಳು. ಇಲ್ಲದಿದ್ರೆ ಎಸಿ ಕೆಳಗಿನ ಸೀಟೇ ಗತಿ.

ಹೊಸ ಕೆಲಸ ಬಂತು. ಕಣ್ಣಾಸ್ಪತ್ರೆ ವೆಬ್‌ಸೈಟಿಗೆ ಎರರ್ ಪೇಜ್. ಈಗ ಏನಾದ್ರೂ ಕೆಟ್ಟರೆ ಬರೀ ಬಿಳಿ ಪುಟ, ತಲೆ ಮೇಲೆ ಒಂದು ಸಾಲು ಇಂಗ್ಲಿಷು. ಯಾವ ಪೇಷಂಟಿಗೆ ಅರ್ಥ ಆಗತ್ತೆ ಅದು? ಮೂರು ಪುಟ ಮಾಡಬೇಕು. ಹುಡುಕಿದ ಪುಟ ಇಲ್ಲ ಅಂದ್ರೆ 404. ನಮ್ಮ ಸರ್ವರೇ ಕೆಟ್ಟರೆ 500. ರಿಪೇರಿಗೆ ಮುಚ್ಚಿದ್ರೆ 503.

ಸಂಜೆ ಅಜ್ಜಿ ಕೇಳಿದ್ರು, ಏನು ಕೆಲಸ ಅಂತ. "ಅಂಗಡಿ ಬಾಗಿಲು ಹಾಕಿದಾಗ ಹೊರಗೆ ಬೋರ್ಡ್ ತಗಲಿಸ್ತಾರಲ್ಲ ಅಜ್ಜಿ, ಆ ಬೋರ್ಡ್ ಬರಿಯೋ ಕೆಲಸ." "ಅಂಗಡಿ ತೆಗೆಯೋ ಕೆಲಸ ಯಾರಿಗೂ ಕೊಟ್ಟಿಲ್ವೇನೇ?" ಅಂದ್ರು. ಭೀಮಾಬಾಯಿ ಅಂದ್ರೆ ಸುಮ್ನೆನಾ. ಎಂಬತ್ತಮೂರಕ್ಕೆ ಈ ಬಾಯಿ.

ಅಂಗಡಿ ತೆಗೆಯೋದು ಕೋಮಲಾ ಕೆಲಸ. ಅಪಾಯಿಂಟ್‌ಮೆಂಟ್ ಫಾರ್ಮು, ಅದರ ಹಿಂದಿನ ಸರ್ವರು, ಗೋಡೆ ಮೇಲಿನ ಮಾನಿಟರ್ ಬೋರ್ಡು ಎಲ್ಲ ಅವಳದು. ಬೋರ್ಡು ಹಸಿರಿದ್ರೆ ಕ್ಷೇಮ, ಕೆಂಪಾದ್ರೆ ಕೆಟ್ಟಿದೆ ಅಂತ.

ಪುಟದ ಮಾತು ಯಾವಾಗಲೂ ಮೊದಲು ಈ ಪುಸ್ತಕದಲ್ಲೇ ಬರೆದು ನೋಡೋದು. ಆಮೇಲೆ ತಮಿಳು, ಇಂಗ್ಲಿಷು. 500ಕ್ಕೆ —

ತಪ್ಪು ನಮ್ಮದು. ನಿಮ್ಮ ಕೋರಿಕೆ ನಮಗೆ ತಲುಪಿಲ್ಲ. ದಯವಿಟ್ಟು ಕಾಯಬೇಡಿ, ಈ ನಂಬರಿಗೆ ಫೋನ್ ಮಾಡಿ.

ಮೂರು ಸಲ ಹೊಡೆದು ಹಾಕಿ ನಾಲ್ಕನೇ ಸಲ ಬಂತು. ಇದು ಸರಿ. ತಲುಪಿಲ್ಲ ಅನ್ನೋದು ಎರಡನೇ ಸಾಲಲ್ಲೇ ಇರಬೇಕು.

ಜುಲೈ 5, ಶುಕ್ರವಾರ

ಪುಟ ಲೈವ್. ಟೆಸ್ಟ್ ಮಾಡೋಕೆ ಫಾರ್ಮನ್ನ ಬೇಕಂತಲೇ ಕೆಡಿಸಿದೆ. ನನ್ನ ಪುಟ ಬಂತು, ಬೋರ್ಡೂ ಕೆಂಪಾಯ್ತು. ಆಗಬೇಕಾದ್ದೇ. ಪುಟದ ಜೊತೆ ಒಂದು ನಂಬರ್ ಹೋಗತ್ತೆ. ಜನಕ್ಕೆ ಕಾಣಲ್ಲ, ಬೋರ್ಡಿಗೆ ಕಾಣತ್ತೆ. 500 ಅಂದ್ರೆ ಕೆಟ್ಟಿದೆ, 200 ಅಂದ್ರೆ ಎಲ್ಲ ಸರಿ. ಚೆಂದದ ಪುಟ ಹಾಕಿ ಹಿಂದೆ 200 ಕಳಿಸೋದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕೆಟ್ಟ ತಪ್ಪು. ಒಳಗೆ ಬೆಂಕಿ ಬಿದ್ದಿದ್ರೂ ಯಾರಿಗೂ ಗೊತ್ತಾಗಲ್ಲ.

ಮಧ್ಯಾಹ್ನ ನಾನು ಕೆಡಿಸದೇನೇ ಎರಡು ಸಲ ಕೆಂಪಾಯ್ತು. ಜನ ಜಾಸ್ತಿ ಬಂದಾಗ ಫಾರ್ಮ್ ಬೀಳ್ತಿದೆ. ಮುಂಚೆಯಿಂದಲೂ ಬೀಳ್ತಿತ್ತೇನೋ, ಹಳೇ ಬಿಳಿ ಪುಟ ಸರಿಯಾದ ನಂಬರ್ ಕಳಿಸ್ತಿರಲಿಲ್ಲ, ಬೋರ್ಡಿಗೆ ಗೊತ್ತಾಗ್ತಿರಲಿಲ್ಲ. ಪ್ರತಾಪ್ ಸರ್ ಎದ್ದು ಬಂದು ಬೋರ್ಡ್ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತ್ರು. ನಮ್ಮ ಮ್ಯಾನೇಜರ್ ಹಾಗೆ ನಿಂತ್ರೆ ಯಾರಿಗೋ ಪೂಜೆ ಅಂತ ಅರ್ಥ. ಕೋಮಲಾ ಮುಖ ಸಪ್ಪಗಾಯ್ತು. ಮುಂದಿನ ತಿಂಗಳು ಅವಳನ್ನ ಟೀಮ್ ಲೀಡ್ ಮಾಡೋ ಮಾತಿದೆ.

"ನಾನೂ ಕೂತ್ಕೊಳ್ತೀನಿ, ಇಬ್ರೂ ಸೇರಿ ಸರಿ ಮಾಡೋಣ" ಅಂದೆ. "ಟೆನ್ಷನ್ ಬೇಡ ಕಣೇ, ನಾನಿದ್ದೀನಲ್ಲ" ಅಂದಳು. ಎಲ್ಲದಕ್ಕೂ ಇದೇ ಮಾತು ಅವಳದು. ಹೋದ ವರ್ಷ ಅಮ್ಮನ ಆಪರೇಷನ್ ದಿನವೂ ಕೀಲ್ಪಾಕ್ ಆಸ್ಪತ್ರೇಲಿ ಇದನ್ನೇ ಹೇಳ್ತಾ ಪಕ್ಕದಲ್ಲಿ ಕೂತಿದ್ದಳು. ಎರಡು ದಿನ ರಜ ಹಾಕಿ.

ಜಯಲಕ್ಷ್ಮೀ ಅತ್ತೆಗೆ ಫೋನ್ ಮಾಡಿ ಜಂಬ ಕೊಚ್ಚಿದೆ. ಅಪ್ಪನ ಅಕ್ಕ, ರಿಟೈರ್ಡ್ ಟೀಚರು, ಶುಗರ್‌ಗೋಸ್ಕರ ಇದೇ ಆಸ್ಪತ್ರೆಗೆ ಕಣ್ಣು ತೋರಿಸೋದು. "ಎರರ್ ಪೇಜ್ ಬಂದ್ರೆ ನಾನೇ ಬರೆದಿದ್ದು ಅಂತ ತಿಳ್ಕೊಳಿ" ಅಂದೆ. "ಕೆಟ್ಟಾಗ ನಿನ್ನ ನೆನಸ್ಕೋಬೇಕಾ, ನಲ್ಲಾ ಇರುಕ್ಕು ಪೋ!" ಅಂತ ನಕ್ಕರು. ಚೆನ್ನಾಗಿದೆ ಹೋಗು ಅಂತ.

ಜುಲೈ 10, ಬುಧವಾರ

ನಾಳೆ ತಾತನ ತಿಥಿ. ರಜ. ಅಮ್ಮನಿಗೆ ಕೈ ಎತ್ತೋಕಾಗಲ್ಲ, ಈ ವರ್ಷ ಮಡೀಲಿ ಅಜ್ಜಿ ಜೊತೆ ನಾನು. ಬೆಳಿಗ್ಗೆ ಐದರಿಂದ ಬ್ರಾಹ್ಮಣರ ಊಟ ಮುಗಿಯೋ ತನಕ ಫೋನ್ ಮುಟ್ಟೋ ಹಾಗಿಲ್ಲ.

ಆಸ್ಪತ್ರೆಯವರು 404 ಪುಟಕ್ಕೆ ಹೊಸ ಲೋಗೋ ಕಳಿಸ್ತಾರಂತೆ, ನಾಳೆಯೇ ಹಾಕಬೇಕಂತೆ. ನಾಳೆಯೇ ಏನು ಮುಹೂರ್ತವೋ! ಆ ಫೋಲ್ಡರಿಗೆ ನನ್ನ ಲಾಗಿನ್ ಒಂದೇ ಇರೋದು. ಪಾಸ್‌ವರ್ಡ್ ಯಾರಿಗೂ ಕೊಡಬಾರದು ಅಂತ ರೂಲು. ಚಾಟಲ್ಲಿ ಕಳಿಸಲೇಬಾರದು. ಅದಕ್ಕೇ ಲಿಫ್ಟ್ ಹತ್ತಿರ ಕೋಮಲಾ ಕಿವೀಲಿ ಹೇಳಿದೆ. ಅವಳು ಕೈ ಮೇಲೆ ಪೆನ್ನಲ್ಲಿ ಬರ್ಕೊಂಡಳು.

"ಲೋಗೋ ಮಾತ್ರ ಕಣೇ."
"ನಿನ್ ತಾತನ್ನ ನೀನು ನೋಡ್ಕೋ. ಇಲ್ಲಿ ನಾನಿದ್ದೀನಲ್ಲ."

ರೂಲು ಮುರಿದೆ. ಆದ್ರೆ ಅವಳಲ್ವಾ, ಪರವಾಗಿಲ್ಲ.

ಜುಲೈ 12, ಶುಕ್ರವಾರ

ತಿಥಿ ಚೆನ್ನಾಗಾಯ್ತು. ಸೊಂಟ ಬಿದ್ದು ಹೋಗಿದೆ. ಒದ್ದೆ ಸೀರೆ ಉಟ್ಟು ಉದ್ದಿನ ಹಿಟ್ಟು ರುಬ್ಬಿ ರುಬ್ಬಿ ತೋಳು ನನ್ನದಲ್ಲ ಅನ್ನೋ ಹಾಗಾಗಿತ್ತು. ನೀರು ಕುಡಿದಿದ್ದೇ ಎರಡು ಗಂಟೆಗೆ. ಕೊನೆಗೆ ಅಜ್ಜಿ "ತಾತನಿಗೆ ತೃಪ್ತಿಯಾಗಿರತ್ತೆ" ಅಂದ್ರು. ಅಜ್ಜಿ ಬಾಯಲ್ಲಿ ಹೊಗಳಿಕೆ ಬರೋದು ವರ್ಷಕ್ಕೊಂದು ಸಲ.

ತಿಥಿ ಅಡುಗೆ ಹೊರಗಿನವರಿಗೆ ಕೊಡಬಾರದು. ಗೊತ್ತು. ಆದ್ರೂ ಅಜ್ಜಿ ಮಲಗಿದಾಗ ನಾಲ್ಕು ವಡೆ, ಎರಡು ಎಳ್ಳುಂಡೆ ಡಬ್ಬಿಗೆ ಹಾಕ್ಕೊಂಡೆ. ಕೋಮಲಾಗೆ ಈ ವಡೆ ಅಂದ್ರೆ ಪ್ರಾಣ. ತಣ್ಣಗಿದ್ರೂ ನಾಲ್ಕೂ ತಿಂದಳು, ಬೆರಳು ನೆಕ್ಕಿದಳು. "ನಿಮ್ಮ ಟ್ರಿಪ್ಲಿಕೇನ್ ಕನ್ನಡ ಅರ್ಧ ತಮಿಳಾದ್ರೂ ವಡೆ ಮಾತ್ರ ಅಪ್ಪಟ ಕಣೇ" ಅಂತ ರೇಗಿಸಿದಳು. ಅವಳದು ಚಿತ್ರದುರ್ಗದ ಕನ್ನಡ, ಅದಕ್ಕೆ ಅಷ್ಟು ಪೊಗರು.

"ಲೋಗೋ ಹಾಕಿದ್ಯಾ?"
"ಹ್ಞೂಂ. ಬೋರ್ಡ್ ನೋಡು, ನಿನ್ನೆಯಿಂದ ಒಂದ್ಸಲಾನೂ ಕೆಂಪಾಗಿಲ್ಲ."

ನಿಜ, ಎಲ್ಲ ಹಸಿರು. ಫಾರ್ಮ್ ಸರಿ ಮಾಡಿಬಿಟ್ಟಳಲ್ಲ, ಹೆಮ್ಮೆ ಆಯ್ತು. ಪ್ರತಾಪ್ ಸರ್ ಮುಂದೆಯೂ ಹೇಳಿದೆ.

ಸೋಮವಾರದಿಂದ ನನಗೆ ಅಡ್ಯಾರ್‌ನ ಸ್ಕೂಲೊಂದರ ವೆಬ್‌ಸೈಟು. ಆಸ್ಪತ್ರೆ ಕೆಲಸ ಮುಗೀತು.

ಜುಲೈ 21, ಭಾನುವಾರ

ಶಾಕವ್ರತ ಶುರು. ಮನೇಲಿ ತರಕಾರಿ ಇಲ್ಲ. ಬೇಳೆ, ಮೆಣಸು, ಮತ್ತೆ ಬೇಳೆ. ಅದನ್ನ ಬೈಕೊಂಡು ಬರೆಯೋಣ ಅಂತ ಕೂತಿದ್ದೆ.

ಸಂಜೆ ಅತ್ತೆ ಫೋನ್. ಎಡಗಣ್ಣಲ್ಲಿ ಕಪ್ಪು ದಾರ ಓಡಾಡ್ತಿತ್ತಂತೆ, ಎರಡು ದಿನದಿಂದ ಪರದೆ ಎಳೆದ ಹಾಗಿದೆಯಂತೆ. "ಆಸ್ಪತ್ರೆಗೆ ಹೋಗಲಿಲ್ವಾ?" ಅಂದೆ. "ಹದಿಮೂರನೇ ತಾರೀಖೇ ನಿನ್ನ ವೆಬ್‌ಸೈಟಲ್ಲಿ ಹಾಕಿದೀನಲ್ಲ. ಕರೀತೀವಿ ಅಂತ ಬಂದಿದೆ. ಕಾಯ್ತಿದೀನಿ."

ಆಸ್ಪತ್ರೆಗೆ ಫೋನ್ ಮಾಡಿದೆ. ಆ ಹೆಸರಲ್ಲಿ ಏನೂ ಬಂದಿಲ್ಲ ಅಂದ್ರು. ಮತ್ತೆ ನೋಡಿ ಅಂತ ಕಿರುಚಿದೆ. ಇಲ್ಲ.

ಬೆಳಗಾದ ತಕ್ಷಣ ಅತ್ತೆ ಮನೇಲಿರ್ಬೇಕು.

ಜುಲೈ 22, ಸೋಮವಾರ

ಅತ್ತೆಯನ್ನ ಎಮರ್ಜೆನ್ಸಿಗೆ ಕರ್ಕೊಂಡು ಹೋದೆ. ರೆಟಿನಾ ಕಿತ್ತು ಬಂದಿದೆ. ಆಪರೇಷನ್ ಮಾಡ್ತಾರೆ, ಆದ್ರೆ ನೋಟ ಬರೋದು ಕಷ್ಟ ಅಂದ್ರು. ಡಾಕ್ಟರ್ ಸಣ್ಣ ವಯಸ್ಸಿನವಳು, ನಿಧಾನವಾಗಿ ಹೇಳಿದಳು. "ಒಂಬತ್ತು ದಿನ ಮುಂಚೆ ಬಂದಿದ್ರೆ ಲೇಸರಲ್ಲೇ ಮುಗೀತಿತ್ತು. ಯಾಕೆ ಕಾದ್ರಿ?"

ಅತ್ತೆ ಮೊಬೈಲ್ ತೆಗೆದು ತೋರಿಸಿದ್ರು. ಅವರಿಗೆ ಎಲ್ಲದಕ್ಕೂ ಸ್ಕ್ರೀನ್‌ಶಾಟ್ ತೆಗೆಯೋ ಅಭ್ಯಾಸ. ಕರೆಂಟ್ ಬಿಲ್ಲು, ಬಸ್ ಟೈಮು, ಮೊಮ್ಮಗಳ ಮಾರ್ಕು. ಜುಲೈ 13, ಮಧ್ಯಾಹ್ನ 12.06. ನನ್ನ 500 ಪುಟ. ನಾನು ಆರಿಸಿದ ನೀಲಿ, ನಾನು ಬರೆಸಿದ ಕಣ್ಣಿನ ಚಿತ್ರ. ಮಾತು ಮಾತ್ರ ನನ್ನದಲ್ಲ. ತಮಿಳಲ್ಲಿ —

ಟೆನ್ಷನ್ ವೇಂಡಾಂ. ನಾಂಗ ಇರುಕ್ಕೋಂ. ಉಂಗ ರಿಕ್ವೆಸ್ಟ್ ಎಂಗಕಿಟ್ಟ ಇರುಕ್ಕು. ಕೂಪ್ಪಿಡುವೋಂ.

ಟೆನ್ಷನ್ ಬೇಡ. ನಾವಿದ್ದೀವಿ. ನಿಮ್ಮ ಕೋರಿಕೆ ನಮ್ಮ ಹತ್ತಿರ ಇದೆ. ಕರೀತೀವಿ. ಕೆಳಗಿದ್ದ ಫೋನ್ ನಂಬರೂ ಇಲ್ಲ.

ಆಸ್ಪತ್ರೆ ಪುಟದಲ್ಲಿ ಯಾರು ಟೆನ್ಷನ್ ಅಂತ ಬರೀತಾರೆ? ಓದ್ತಿದ್ದ ಹಾಗೇ ಕೋಮಲಾ ದನಿ ಕೇಳಿಸ್ತು. 

ಅತ್ತೆ ನನ್ನ ಕೈ ಹಿಡ್ಕೊಂಡು ಅಂದ್ರು — "ನೀನೇ ಬರೆದಿದ್ದು ಅಂದಿದ್ಯಲ್ಲ ವಿಭಾ, ಅದಕ್ಕೇ ನಂಬಿದೆ. ಬೇರೆಯವರಾಗಿದ್ರೆ ಮಾರನೇ ದಿನವೇ ಫೋನ್ ಮಾಡ್ತಿದ್ದೆ."

ನಾನಲ್ಲ ಅಂತ ಹೇಗನ್ನಲಿ? ಪಾಸ್‌ವರ್ಡ್ ಕೊಟ್ಟವಳು ನಾನು ತಾನೇ.

ಜುಲೈ 23, ಮಂಗಳವಾರ

ಆಫೀಸಿಗೆ ಹೋದ ತಕ್ಷಣ ಲಾಗ್ ತೆಗೆದೆ, ಯಾರು ಯಾವಾಗ ಏನು ಬದಲಾಯಿಸಿದ್ರು ಅನ್ನೋ ಪಟ್ಟಿ. ಜುಲೈ 11, ಬೆಳಿಗ್ಗೆ 11.42. ಎರಡು ಬದಲಾವಣೆ. ಪುಟದ ಮಾತು. ಹಿಂದಿನ ನಂಬರು, 500 ಹೋಗಿ 200. ಮಾಡಿದವರು — ವಿಭಾ.

11.42ಕ್ಕೆ ವಿಭಾ ಮಡೀಲಿ ವಡೆ ಕರೀತಿದ್ದಳು.

ಫಾರ್ಮ್ ಸರಿಯಾಗೇ ಇರಲಿಲ್ಲ. ದಿನಾ ಬೀಳ್ತಾನೇ ಇತ್ತು. ಬೋರ್ಡಿಗೆ ಮಾತ್ರ ಹಸಿರು. ಬಿದ್ದ ಫಾರ್ಮುಗಳ ಹೆಸರು, ಫೋನ್ ನಂಬರು ಸರ್ವರಲ್ಲೇ ಉಳಿದಿದ್ವು; ಎಣಿಸಿದೆ, ಹನ್ನೆರಡು ದಿನದಲ್ಲಿ ಅರವತ್ತಮೂರು ಜನ. ಅತ್ತೆ ಥರಾನೇ ಕಾಯ್ತಾ ಕೂತಿರ್ತಾರೆ ಎಲ್ಲೆಲ್ಲೋ. ಪುಟ ಮೊದಲಿನ ಹಾಗೆ ಮಾಡಿ, ಪಟ್ಟಿ ಪ್ರತಾಪ್ ಸರ್‌ಗೆ ಕೊಟ್ಟೆ, ಎಲ್ಲರಿಗೂ ಈಗಲೇ ಫೋನ್ ಹೋಗಬೇಕು ಅಂತ. ಅವರ ಮುಖ ಬಿಳಿಚಿಕೊಂಡಿತು.

ಕೋಮಲಾನ್ನ ಕ್ಯಾಂಟೀನಿಗೆ ಎಳ್ಕೊಂಡು ಹೋದೆ. ಅತ್ತೆ ವಿಷಯ ಹೇಳಿದೆ. ಅತ್ತಳು. ನಿಜವಾಗ್ಲೂ ಅತ್ತಳು. "ಒಂದು ದಿನಕ್ಕೆ ಅಂತ ಮಾಡಿದೆ ಕಣೇ. ಪ್ರತಾಪ್ ತಲೆ ಮೇಲೆ ಕೂತಿದ್ದ. ಫಾರ್ಮ್ ಸರಿ ಮಾಡಿ ವಾಪಸ್ ಹಾಕೋಣ ಅಂತಿದ್ದೆ. ಆಗಲಿಲ್ಲ. ಆಮೇಲೆ ಹಸಿರೇ ಇತ್ತಲ್ಲ... ಮರೆತೇ ಹೋಯ್ತು."

"ಫೋನ್ ನಂಬರ್ ಯಾಕೆ ತೆಗೆದೆ?"
"ಫೋನ್ ಮಾಡಿದ್ರೆ ಆಸ್ಪತ್ರೆಗೆ ಗೊತ್ತಾಗ್ತಿತ್ತಲ್ವಾ."

ಇಷ್ಟು ಯೋಚನೆ ಮಾಡಿದಾಳೆ. ಮಾರನೇ ದಿನ ತಾತನ ತಿಥಿ ವಡೆ ತಿಂದಳು. ನಾಲ್ಕೂ. ಬೋರ್ಡ್ ನೋಡು ಅಂದಳು. ನಾನು ಹೆಮ್ಮೆಪಟ್ಟೆ. ಥೂ ನನ್ನ ಜನ್ಮಕ್ಕೆ.

"ಸರ್ ಹತ್ರ ನಾನೇ ಹೇಳ್ತೀನಿ. ಶುಕ್ರವಾರ ಮೀಟಿಂಗ್ ಇದೆಯಲ್ಲ" ಅಂದಳು. ಸರಿ ಅಂದೆ. ನಾಲ್ಕು ವರ್ಷದ ಸ್ನೇಹ, ಅವಳ ಬಾಯಿಂದಲೇ ಬರಲಿ.

ಜುಲೈ 26, ಶುಕ್ರವಾರ

ಸಣ್ಣ ರೂಮು. ಪ್ರತಾಪ್ ಸರ್, ಕೋಮಲಾ, ನಾನು. ಕೋಮಲಾ ಶುರು ಮಾಡಲಿ ಅಂತ ಅವಳ ಮುಖವನ್ನೇ ನೋಡ್ತಿದ್ದೆ. ಅವಳು ನೀರಿನ ಬಾಟಲ್ ಲೇಬಲ್ ಕೀಳ್ತಿದ್ದಳು.

ಸರ್ ಲಾಗ್ ತೋರಿಸಿ "ನಿನ್ನ ಹೆಸರು" ಅಂದ್ರು. ಹೇಳಿದೆ. ತಿಥಿ, ಮಡಿ, ಪಾಸ್‌ವರ್ಡು, ಲಿಫ್ಟು, ಎಲ್ಲ. ಅತ್ತೆ ಸ್ಕ್ರೀನ್‌ಶಾಟೂ ತೋರಿಸಿದೆ.

"ಕೋಮಲಾ, ನಿನಗೆ ಪಾಸ್‌ವರ್ಡ್ ಕೊಟ್ಟಿದ್ಳಾ?"

"ಇಲ್ಲ ಸರ್."

ಇಷ್ಟೇ. ಎರಡು ಪದ. ನನ್ನ ಕಡೆ ನೋಡಲೂ ಇಲ್ಲ. ಲೇಬಲ್ ಪೂರ್ತಿ ಕಿತ್ತು ಬಂದಿತ್ತು, ಅದನ್ನ ಮಡಚಿ ಮಡಚಿ ಸಣ್ಣದು ಮಾಡಿದಳು.

ಆಮೇಲೆ ಸರ್ ಏನೇನೋ ಅಂದ್ರು. ಕೊಟ್ಟಿದ್ರೂ ಅದು ನನ್ನದೇ ತಪ್ಪಂತೆ. ಆಸ್ಪತ್ರೆಯವರಿಗೆ ಒಬ್ಬರ ಅಜಾಗರೂಕತೆ ಅಂತ ಬರೆದಾಗಿದೆಯಂತೆ. ನಾನು ತಪ್ಪೊಪ್ಪಿಗೆ ಪತ್ರಕ್ಕೆ ಸೈನ್ ಹಾಕಬೇಕಂತೆ. ಹಾಕಲ್ಲ ಅಂದೆ. ಹಾಗಾದ್ರೆ ಸೋಮವಾರದಿಂದ ಬರಬೇಡ. ಆಸ್ಪತ್ರೆಯವರ ಹತ್ತಿರ ಬಾಯಿಬಿಟ್ಟರೆ ಎಕ್ಸ್‌ಪೀರಿಯನ್ಸ್ ಲೆಟರ್ ಮರೆತುಬಿಡು ಅಂದ್ರು.

ಬ್ಯಾಗ್ ತಗೊಂಡು ಬಂದೆ. ಅವಳ ಟಿಫನ್ ಡಬ್ಬಿ ನನ್ನ ಬ್ಯಾಗಲ್ಲೇ ಇದೆ. ನಿನ್ನೆಯದು. ಶಾಕವ್ರತ ಅಂತ ನನಗೋಸ್ಕರ ಬರೀ ಹೆಸರುಬೇಳೆ ಪಾಯಸ ಮಾಡಿ ತಂದಿದ್ದಳು. ಇವತ್ತು ಹೀಗೆ ಹೇಳೋದು ಅಂತ ನಿನ್ನೆಯೇ ಗೊತ್ತಿತ್ತಾ ಅವಳಿಗೆ?

ಜುಲೈ 28, ಭಾನುವಾರ

ಅತ್ತೆ ಆಪರೇಷನ್ ಆಯ್ತು. ನೋಟ ಬರಲಿಲ್ಲ. ಬೆಳಕು ಕತ್ತಲೆ ಗೊತ್ತಾಗತ್ತೆ, ಅಷ್ಟೇ.

ಅಜ್ಜಿಗೆ ಎಲ್ಲ ಹೇಳಿದೆ, ವಡೆ ಸಮೇತ. ಬೈತಾರೆ ಅಂದ್ಕೊಂಡೆ. ಸೆರಗಲ್ಲಿ ಮುಖ ಒರೆಸ್ಕೊಂಡ್ರು. ಮಗಳ ಕಣ್ಣಲ್ವಾ. ಆಮೇಲೆ "ನೀನು ಮಡೀಲಿದ್ದೆ ಅಂತ ನಾನು ಬಂದು ಹೇಳ್ತೀನಿ, ಆಟೋ ಕರೆಸು" ಅಂದ್ರು. ಪ್ರತಾಪ್ ಸರ್ ಮುಂದೆ ಭೀಮಾಬಾಯಿ ಮಡಿ ಅಂದ್ರೇನು ಅಂತ ಪಾಠ ಹೇಳೋದು ನೆನೆಸ್ಕೊಂಡು ನಗು ಬಂತು. ನಗ್ತಾ ನಗ್ತಾ ಅತ್ತುಬಿಟ್ಟೆ, ಅವರ ಮಡಿಲಲ್ಲಿ.

ಅತ್ತೆಗೆ ಇನ್ನೂ ಹೇಳಿಲ್ಲ. ಅವರು ಬೈದಿದ್ರೆ ಹೇಳ್ತಿದ್ದೆ. "ಪಾಪ, ನೀನೇನು ಬೇಕಂತ ಬರೆದ್ಯಾ" ಅಂತಾರೆ.

ಆಗಸ್ಟ್ 5, ಸೋಮವಾರ

ಬೆಳಿಗ್ಗೆ 10.50

ಕೋಮಲಾ ಫೋನ್. ಹತ್ತು ದಿನದ ಮೇಲೆ. ಮೂರು ಸಲ ಬಿಟ್ಟು ನಾಲ್ಕನೇ ಸಲ ಎತ್ತಿದೆ.

"ಸೈಟ್ ಪೂರ್ತಿ ಬಿದ್ದಿದೆ ವಿಭಾ. ಮೂರು ಗಂಟೆ ಆಗತ್ತೆ. ನಿನ್ನ 503 ಪುಟ ಎಲ್ಲಿಟ್ಟಿದೀಯಾ, ಆ ಫೋಲ್ಡರಲ್ಲಿಲ್ಲ, ಯಾರಿಗೂ ಸಿಗ್ತಿಲ್ಲ. ಬಿಳಿ ಪುಟ ಬರ್ತಿದೆ."

ಮೊದಲು ಗ್ರೂಪಲ್ಲಿ ಹಾಕು ಅಂದೆ, ಜುಲೈ 11ಕ್ಕೆ ಬದಲಾಯಿಸಿದ್ದು ಯಾರು ಅಂತ. ಎರರ್ ಪೇಜ್ ಕೆಲಸಕ್ಕೆ ಅಂತ ಮಾಡಿದ ಆ ಚಾಟ್ ಗ್ರೂಪಲ್ಲಿ, ಆಸ್ಪತ್ರೆ ಕಡೆಯಿಂದ ವೆಬ್‌ಸೈಟ್ ನೋಡ್ಕೊಳ್ಳೋ ಹರಿದಾಸ ಸರ್ ಇದಾರೆ. ಅದರಿಂದ ನನ್ನನ್ನ ತೆಗೆಯೋಕೆ ಯಾರಿಗೂ ನೆನಪಾಗಿಲ್ಲ.

"ಹಾಕ್ತೀನಿ ಕಣೇ, ದೇವರಾಣೆ. ಇದಾದ ತಕ್ಷಣ. ಮೊದಲು ಪುಟ ಹೇಳು. ಪೇಷಂಟ್ಸ್ ಏನು ಮಾಡ್ಬೇಕು ಅಂತ ಗೊತ್ತಾಗದೆ ಒದ್ದಾಡ್ತಿದಾರೆ..."

ಎಲ್ಲಿ ಮುಟ್ಟಬೇಕು ಅಂತ ಅವಳಿಗೆ ಚೆನ್ನಾಗಿ ಗೊತ್ತು. ಅತ್ತೆ ಥರ ಯಾರೋ ಬಿಳಿ ಪುಟ ನೋಡ್ತಾ ಕೂತಿರ್ತಾರೆ. ಹೇಳಿದೆ. ಒಂದೊಂದೇ ಹೆಜ್ಜೆ. ಕೊನೆಗೆ "ಹಿಂದಿನ ನಂಬರ್ ಎಷ್ಟು ಹಾಕಿದೀಯಾ, ಓದು" ಅಂದೆ. "503" ಅಂದಳು. "ಇನ್ನೊಂದ್ಸಲ ಓದು." ಓದಿದಳು.

11.35

ಪುಟ ಬಂತು. ನನ್ನ ಮೊಬೈಲಲ್ಲೇ ನೋಡಿದೆ. ರಿಪೇರಿ ನಡೀತಿದೆ, ಕಾಯಬೇಡಿ, ಈ ನಂಬರಿಗೆ ಫೋನ್ ಮಾಡಿ. ನನ್ನ ಮಾತು, ಒಂದಕ್ಷರ ಬದಲಾಗಿಲ್ಲ. ಮಾನಗೆಟ್ಟ ಮನಸ್ಸು, ಖುಷಿ ಪಡ್ತು.

ಗ್ರೂಪಲ್ಲಿ ಕೋಮಲಾ ಟೈಪಿಂಗ್ ಅಂತ ಬರ್ತಿದೆ. ನಿಲ್ಲತ್ತೆ. ಮತ್ತೆ ಬರತ್ತೆ. ಪಾಪ, ಅವಳಿಗೂ ಕಷ್ಟ. ಒಂದು ಸಾಲು ಹಾಕಿದ್ರೆ ಸಾಕು. ಆಮೇಲೆ ಅವಳ ಡಬ್ಬಿ ವಾಪಸ್ ಕೊಡ್ತೀನಿ. ಜೊತೆಗೆ ಏನಾದ್ರೂ ಹಾಕಿ ಕೊಡ್ತೀನೋ ಏನೋ, ನನ್ನ ಬುದ್ಧಿಗೆ.

11.50

ಬಂತು. ಇದ್ದ ಹಾಗೇ ಬರ್ಕೊಳ್ತೀನಿ.

"ಹಾಯ್ ಆಲ್. ವಿಭಾ ಹೋಗುವಾಗ ಹ್ಯಾಂಡೋವರ್ ಸರಿಯಾಗಿ ಕೊಟ್ಟಿರಲಿಲ್ಲ, ಅದಕ್ಕೇ ತಡವಾಯಿತು. ಈಗ ಹುಡುಕಿ ಸರಿ ಮಾಡಿದ್ದೇನೆ. ಇನ್ನು ಟೆನ್ಷನ್ ಬೇಡ."

ಪ್ರತಾಪ್ ಸರ್ — ಗುಡ್ ಜಾಬ್ ಕೋಮಲಾ. ಹರಿದಾಸ ಸರ್ ಹೆಬ್ಬೆರಳು.

ಫೋನ್ ರಿಂಗಾಯ್ತು, ಅವಳೇ. "ಬೇಜಾರ್ ಮಾಡ್ಕೋಬೇಡ್ವೇ, ಪ್ರತಾಪ್ ಪಕ್ಕದಲ್ಲೇ ನಿಂತಿದ್ದ, ಇನ್ನೊಂದಿನ ಹಾಕ್ತೀನಿ. ಟೆನ್ಷನ್ ಬೇಡ ಕಣೇ, ನಾನಿ—" ಅಷ್ಟರಲ್ಲಿ ಕಟ್ ಮಾಡಿದೆ.  ಇನ್ನೊಂದಿನ ಅಂತೆ. ಇನ್ನೊಂದಿನ!

ಎಕ್ಸ್‌ಪೀರಿಯನ್ಸ್ ಲೆಟರ್ ಹಾಳಾಗ್ ಹೋಗ್ಲಿ. ಅತ್ತೆಗೆ ಫೋನ್ ಮಾಡಿ ಎಲ್ಲ ಹೇಳಿದೆ, ಗ್ರೂಪಲ್ಲಿ ಹಾಕ್ತೀನಿ ಅಂತಾನೂ.  "ನನ್ನ ಹೆಸರು ಹಾಕು" ಅಂದ್ರು.

ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕಿಯಾಯ್ತು. ಹರಿದಾಸ ಸರ್ ನೋಡಿದ ಗುರುತು ಬಂತು. ಇನ್ನು ಕೆಳಗೆ ಹಾಕೋ ಮಾತು. ಮೊದಲು ಇಲ್ಲಿ —

ಇದು ಜುಲೈ 13ರಂದು ನನ್ನ ಅತ್ತೆ ಜಯಲಕ್ಷ್ಮೀ ಅವರಿಗೆ ಬಂದ ಪುಟ. ಒಂಬತ್ತು ದಿನ ಕಾದರು. ಎಡಗಣ್ಣು ಹೋಯಿತು. ಪಾಸ್‌ವರ್ಡ್ ಕೊಟ್ಟ ತಪ್ಪು ನನ್ನದು. ಈ ಮಾತು ಬರೆದ ತಪ್ಪು ಕೋಮಲಾಳದು.